ಬೇಸರವೂ ಹವ್ಯಾಸವೂ

ಬೇಸರ ಬಾರದ ಮನುಷ್ಯನನ್ನು ನಾನು ಕಂಡಿಲ್ಲ. ಉಂಡುಟ್ಟು ಸುಖವಾಗಿರುವವರಿಗೂ ಅದು ಬರುತ್ತದೆ. ಹೊತ್ತು ಮೂಡುವ ಮುನ್ನ ಹೊಲಕ್ಕೆ ಹೋಗಿ ಹೊತ್ತು ಮುಳುಗಿದ ಮೇಲೆ ಮರಳುವವರಿಗೂ ಬರುತ್ತದೆ. ಬಂದದ್ದು ಒಂದೆರಡು ದಿನಗಳಲ್ಲಿ ಹೊರಟುಹೋದರೆ ಅದರ ಗೊಡವೆ ನಮಗೆ ಬೇಡ. ಹೋಗದೆ ತಳವೂರಿದರೆ? ಆಗ ಬಂಧುಗಳೂ ನೆರೆಹೊರೆಯವರೂ ಸಾಮಾನ್ಯವಾಗಿ ಒಂದೇ ಮಾತು ಹೇಳುತ್ತಾರೆ: "ಮನಸ್ಸು ಗಟ್ಟಿ ಮಾಡಿಕೊಳ್ಳಿ." ಹೇಳುವವರ ಪ್ರೀತಿಯಲ್ಲಿ ಸಂಶಯವಿಲ್ಲ. ಆದರೆ ಕುಸಿದಿರುವುದು ಮನಸ್ಸೇ ಆಗಿರುವಾಗ ಅದನ್ನು ಗಟ್ಟಿ ಮಾಡಬೇಕಾದವರು ಯಾರು? ಎಷ್ಟೇ ಪಳಗಿದ ನಟನಾದರೂ ತನ್ನ ಹೆಗಲನ್ನು ತಾನೇ ಏರಲಾರನೆಂದು ನಮ್ಮ ಹಿಂದಿನ ಶಾಸ್ತ್ರಕಾರರು ಹೇಳುತ್ತಿದ್ದರು. ಕುಗ್ಗಿದ ಮನಸ್ಸಿನ ಸ್ಥಿತಿಯೂ ಅದೇ. ಅದಕ್ಕೆ ಹೊರಗಿನ ಆಸರೆಯೊಂದು ಬೇಕು. ಆ ಆಸರೆ ಬಹುಮಟ್ಟಿಗೆ ನಮ್ಮ ಎರಡು ಕೈಗಳಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಇದು ಪುಸ್ತಕ ಓದಿ ಮೂಡಿದ ಅಭಿಪ್ರಾಯವಲ್ಲ.

ಮೂವತ್ತೆರಡು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಲೆ ನಾನು ನನ್ನೂರಾದ ಡೋಣಿಗೆ ಮರಳಿದೆ. ಮುಂಡರಗಿ ತಾಲೂಕಿನ ಈ ಊರು ಕಪ್ಪತಗುಡ್ಡದ ಮಗ್ಗುಲಲ್ಲಿದೆ. ಊರಿಗೆ ಬಂದ ಎರಡನೆಯ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಮೊದಲ ಒಂದು ತಿಂಗಳು ಬಂದುಹೋಗುವ ಜನರ ನಡುವೆ ಕಳೆಯಿತು. ಕಷ್ಟ ಶುರುವಾದದ್ದು ಜನರು ಬರುವುದು ನಿಂತ ಮೇಲೆ. ಬೆಳಗಿನಿಂದ ಕಟ್ಟೆಯ ಮೇಲೆ ಕುಳಿತು ಗುಡ್ಡದ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳನ್ನು ನೋಡುವುದು, ಸೊಸೆ ಊಟಕ್ಕೆ ಕರೆದರೆ ಎದ್ದು ಹೋಗುವುದು, ಮತ್ತೆ ಬಂದು ಕೂರುವುದು. ಗದುಗಿನ ನಾರಣಪ್ಪನ ಭಾರತವನ್ನು ವರ್ಷ ವರ್ಷವೂ ಮಕ್ಕಳಿಗೆ ಓದಿ ಹೇಳಿದವನಿಗೆ ಅದರ ಒಂದು ಪದ್ಯವನ್ನು ಓದುವ ಮನಸ್ಸೂ ಆಗುತ್ತಿರಲಿಲ್ಲ. ಅಳುವೂ ಬರುತ್ತಿರಲಿಲ್ಲ. ಒಳಗೆ ಏನೂ ಇಲ್ಲದಂಥ ಸ್ಥಿತಿ. ಅದನ್ನು ದುಃಖವೆಂದು ಕರೆಯಲು ಕೂಡ ನಾನು ಹಿಂಜರಿಯುತ್ತೇನೆ. ದುಃಖಕ್ಕೆ ಒಂದು ಕಾವು ಇರುತ್ತದೆ.

ಹೀಗಿರುವಾಗ ಮಣ್ಣೆತ್ತಿನ ಅಮವಾಸ್ಯೆ ಬಂದಿತು. ಜ್ಯೇಷ್ಠ ಮಾಸದ ಕೊನೆಯಲ್ಲಿ ಬರುವ ಈ ಹಬ್ಬ ಉತ್ತರ ಕರ್ನಾಟಕದ ರೈತರಿಗೆ ಮುಖ್ಯವಾದದ್ದು. ಕೆರೆ ಹಳ್ಳಗಳಿಂದ ಮಣ್ಣು ತಂದು, ಹದಮಾಡಿ, ಎರಡು ಎತ್ತು ಹಾಗೂ ಒಂದು ಗೋದಲಿ ಮಾಡಿ ಪೂಜಿಸುತ್ತಾರೆ. ಮುಂದೆ ಗುಳ್ಳವ್ವ, ನಾಗಪ್ಪ, ಗಣಪ್ಪ, ಜೋಕುಮಾರ ಎಂದು ಮಳೆಗಾಲದುದ್ದಕ್ಕೂ ಮಣ್ಣಿನ ಪೂಜೆಗಳು ಸಾಲುಗಟ್ಟಿ ಬರುತ್ತವೆ. ನನ್ನ ಮೊಮ್ಮಗ ಹತ್ತು ವರ್ಷದವನು. ಒಂದು ಬುಟ್ಟಿ ಎರೆಮಣ್ಣನ್ನು ನನ್ನ ಮುಂದೆ ಸುರಿದು, "ಅಜ್ಜಾ, ಎತ್ತು ಮಾಡಿಕೊಡು" ಎಂದ. ನನಗೆ ಬಾರದೆಂದೆ. "ನೀನು ಸಣ್ಣಾವಿದ್ದಾಗ ಮಾಡಿಲ್ಲೇನು?" ಎಂದು ಕೇಳಿದ. ಮಾಡಿದ್ದೆ, ಐವತ್ತು ವರ್ಷಗಳ ಹಿಂದೆ.

ಮಣ್ಣು ಕಲಸುವಾಗ ನೀರು ಹೆಚ್ಚಾಯಿತು. ನಾಲ್ಕು ಕಾಲು ಹಚ್ಚಿ ನಿಲ್ಲಿಸಿದರೆ ಹೊಟ್ಟೆಯ ಭಾರಕ್ಕೆ ಕಾಲುಗಳು ಕುಸಿದವು. ಮಣ್ಣನ್ನು ಮತ್ತೆ ನಾದಿ, ಕಾಲುಗಳನ್ನು ದಪ್ಪಗೆ ಗಿಡ್ಡಗೆ ಮಾಡಿದೆ. ಹಿಣಿಲು ಕೂಡಿಸಿದೆ. ಕೋಡು ಹಚ್ಚಿದರೆ ಒಂದು ಕಡೆ ವಾಲಿತು. ಕಣ್ಣಿಗೆ ಗುಲಗಂಜಿ ಒತ್ತಿದೆ. ಹುಡುಗ ದೂರ ಸರಿದು ನೋಡಿ, "ಅಜ್ಜಾ, ಇದು ಕತ್ತೆ ಆಗೇತಿ" ಎಂದು ನಕ್ಕ. ನಿಜವಾಗಿಯೂ ಅದು ಕತ್ತೆಯೇ ಆಗಿತ್ತು. ಅದನ್ನು ಮುರಿದು ಮತ್ತೊಂದು ಮಾಡಿದೆ. ಸೊಸೆ ದೀಪ ಹಚ್ಚಲು ಹೊರಗೆ ಬಂದಾಗ ಸಂಜೆಯಾಗಿದೆಯೆಂದು ತಿಳಿಯಿತು. ಮೂರು ತಾಸು ನನಗೆ ನನ್ನ ನೆನಪೇ ಆಗಿರಲಿಲ್ಲ. ಇದನ್ನು ಸಂತೋಷವೆಂದು ಉತ್ಪ್ರೇಕ್ಷೆ ಮಾಡಲಾರೆ. ಅಂದು ರಾತ್ರಿ ಮಲಗಿದಾಗ, ಇಷ್ಟು ಬೇಗ ಅವಳನ್ನು ಮರೆತೆನಲ್ಲ ಎಂದು ನಾಚಿಕೆಯೂ ಆಯಿತು. ಆದರೆ ಬಹಳ ದಿನಗಳ ಮೇಲೆ ನಿದ್ರೆ ಬಂದಿತು.

ಹಬ್ಬ ಮುಗಿದರೂ ನಾನು ಮಣ್ಣನ್ನು ಬಿಡಲಿಲ್ಲ. ನಿವೃತ್ತ ಮಾಸ್ತರನೊಬ್ಬ ಕಟ್ಟೆಯ ಮೇಲೆ ಮಣ್ಣಾಟ ಆಡುವುದನ್ನು ಕಂಡು ಊರಿನವರು ಏನೆಂದುಕೊಂಡರೋ ಕೇಳಲು ಹೋಗಲಿಲ್ಲ. ಎದುರು ಮನೆಯ ಮುದುಕಿ ಮಾತ್ರ ನಗಲಿಲ್ಲ. ಆಕೆ ಕೌದಿ ಹೊಲಿಯುವವಳು. ಹಣಕ್ಕಾಗಿ ಅಲ್ಲ, ಸುತ್ತಲ ಮನೆಗಳಲ್ಲಿ ಬಾಣಂತನವಿದ್ದರೆ ಒಂದು ಸಣ್ಣ ಕೌದಿ ಆಕೆಯಿಂದ ಹೋಗುತ್ತದೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಹೊಂದಿಸಿ, ಬೆರಳ ಗೆಣ್ಣಿನಷ್ಟು ಅಂತರಕ್ಕೆ ಒಂದೊಂದು ಸಾಲು ಹೊಲಿಗೆ ಹಾಕುತ್ತಾಳೆ. ದೊಡ್ಡದೊಂದು ಕೌದಿಗೆ ತಿಂಗಳು ಬೇಕು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳ ಸಿದ್ದಿ ಹೆಣ್ಣುಮಕ್ಕಳೂ ಹೀಗೆಯೇ ಹೊಲಿಯುತ್ತಾರೆ, ಅವರದು ಕವಂದಿ. ಅಂಚಿನಿಂದ ಹೊರಟು ನಡುವಿಗೆ ಬರುವ ಹೊಲಿಗೆ ಅದು. ಮೂಲೆಗಳಲ್ಲಿ ಮಡಚಿದ ಬಟ್ಟೆಯ ಹೂಗಳಿರದಿದ್ದರೆ ಅದು ಪೂರ್ತಿಯಾಯಿತೆಂದು ಅವರು ಒಪ್ಪುವುದಿಲ್ಲ.

ನಮ್ಮ ಈ ಮುದುಕಿ ಬೆಳೆದ ಮಗನನ್ನು ಕಳೆದುಕೊಂಡವಳು. ಅದು ನನಗೆ ಗೊತ್ತಿತ್ತು. ಒಂದು ದಿನ ಆಕೆಯ ಬಳಿ ಕುಳಿತು, "ಯವ್ವಾ, ದಿನಾ ಇದೊಂದೇ ಕೆಲಸ ಮಾಡಲು ಬೇಸರವಾಗುವುದಿಲ್ಲವೇ?" ಎಂದು ಕೇಳಿದೆ. ಆಕೆ ತಲೆ ಎತ್ತದೆ ಹೇಳಿದಳು: "ಸೂಜಿ ಕೈಯಾಗ ಇದ್ದಾಗ ಮನಸ್ಸು ಅತ್ತಿತ್ತ ಹೋಗಂಗಿಲ್ರೀ ಮಾಸ್ತರ್ರ. ಹೋತು ಅಂದ್ರ ಬೆರಳಿಗೆ ಚುಚ್ಚತೈತಿ."

ಈ ವಿಷಯದಲ್ಲಿ ನಾನು ಓದಿದ, ಕೇಳಿದ ಮಾತುಗಳಲ್ಲಿ ಇದಕ್ಕಿಂತ ಸ್ಪಷ್ಟವಾದದ್ದು ಇನ್ನೊಂದಿಲ್ಲ. ಕುಗ್ಗಿದ ಮನಸ್ಸು ಗಾಣದೆತ್ತಿನಂತೆ ಒಂದೇ ಸುತ್ತಿನಲ್ಲಿ ತಿರುಗುತ್ತಿರುತ್ತದೆ. ಬೇಡವೆಂದು ಗದರಿದರೆ ಅದು ನಿಲ್ಲುವುದಿಲ್ಲ. ಆದರೆ ಸೂಜಿಗೆ, ಮಣ್ಣಿಗೆ, ಕುಂಚಕ್ಕೆ, ತಂತಿಗೆ ಒಂದು ಗುಣವುಂಟು: ಅವು ನಮ್ಮ ಗಮನವನ್ನು ಬೇಡುವುದಿಲ್ಲ, ಕಿತ್ತುಕೊಳ್ಳುತ್ತವೆ. ಮಣ್ಣಿನ ಹದ ತಪ್ಪಿದರೆ ಎತ್ತಿನ ಕಾಲು ಮುರಿಯುತ್ತದೆ. ನಮ್ಮ ಶೋಕವನ್ನು ಕಂಡು ಅದು ಮರುಕ ತೋರುವುದಿಲ್ಲ. ಆ ನಿಷ್ಠುರವೇ ಉಪಕಾರ. ಅಲ್ಲದೆ, ಬೇಸರದಲ್ಲಿರುವವನಿಗೆ ತನ್ನಿಂದ ಏನೂ ಆಗದೆಂಬ ಭಾವನೆ ಬಲವಾಗಿರುತ್ತದೆ. ನಿನ್ನೆ ಇಲ್ಲದಿದ್ದ ನಾಲ್ಕು ಸಾಲು ಹೊಲಿಗೆ ಇಂದು ಕೌದಿಯಲ್ಲಿ ಕಾಣುವಾಗ ಆ ಭಾವನೆಗೆ ಉತ್ತರ ಸಿಕ್ಕಂತಾಗುತ್ತದೆ.

ಹಂಗೇರಿ ಮೂಲದ ಅಮೆರಿಕದ ಮನೋವಿಜ್ಞಾನಿ ಮಿಹಾಯ್ ಚಿಕ್ಸೆಂಟ್‌ಮಿಹಾಯ್ ಈ ತನ್ಮಯತೆಯನ್ನು ಜೀವಮಾನವಿಡೀ ಅಧ್ಯಯನ ಮಾಡಿ 1990ರಲ್ಲಿ ಒಂದು ಪ್ರಸಿದ್ಧ ಗ್ರಂಥ ಬರೆದನು. ನಮ್ಮ ಶಕ್ತಿಗೆ ತಕ್ಕಷ್ಟು ಕಠಿಣವಾದ ಕೆಲಸದಲ್ಲಿಯೇ ಮನಸ್ಸು ಮುಳುಗುತ್ತದೆ, ತೀರ ಸುಲಭವಾದುದರಲ್ಲಿ ಅಲ್ಲವೆಂಬುದು ಅವನ ವಿಚಾರದ ತಿರುಳು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ ಕೂಡ 3000ಕ್ಕಿಂತ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ಆರೋಗ್ಯವನ್ನು ಕಾಯುವಲ್ಲಿ ಕಲೆಗಳಿಗೆ ದೊಡ್ಡ ಪಾತ್ರವಿದೆಯೆಂದು 2019ರಲ್ಲಿ ವರದಿ ನೀಡಿತು. ಬೇಸರ ಕಳೆಯಲೆಂದು ಗಂಟೆಗಟ್ಟಲೆ ಮೊಬೈಲಿನ ಪರದೆಯನ್ನು ಉಜ್ಜುವವರು ಎದ್ದಾಗ ಮೊದಲಿಗಿಂತ ಹೆಚ್ಚು ದಣಿದಂತೆ ಕಾಣುವುದೇಕೆಂಬುದು ಇದರಿಂದ ತಿಳಿಯುತ್ತದೆ. ಅಲ್ಲಿ ಕಣ್ಣಿಗೆ ಕೆಲಸವಿದೆ, ಕೈಗಿಲ್ಲ.

ದೊಡ್ಡವರ ಬದುಕಿನಲ್ಲಿಯೂ ಇದಕ್ಕೆ ನಿದರ್ಶನಗಳಿವೆ. ರವೀಂದ್ರನಾಥ ಠಾಕೂರರು ಅರುವತ್ತು ದಾಟಿದ ಮೇಲೆ ಚಿತ್ರ ಬರೆಯಲು ತೊಡಗಿದರು. ಹಸ್ತಪ್ರತಿಯಲ್ಲಿ ತಾವು ಹೊಡೆದುಹಾಕಿದ ಸಾಲುಗಳನ್ನೇ ಒಂದಕ್ಕೊಂದು ಕೂಡಿಸಿ ಹಕ್ಕಿಯನ್ನೋ ಮೃಗವನ್ನೋ ಮಾಡುವುದರಿಂದ ಅದು ಮೊದಲಾಯಿತು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಆ ಚಿತ್ರಗಳ ಪ್ರದರ್ಶನ ನಡೆಯಿತು. ತಪ್ಪಾದ ಸಾಲಿನಿಂದ ಚಿತ್ರ ಹುಟ್ಟಬಹುದೆಂಬುದು, ನನ್ನ ಕತ್ತೆಯನ್ನು ನೆನೆದಾಗ, ನನಗೆ ಸಮಾಧಾನದ ಸಂಗತಿ. ಇಂಗ್ಲೆಂಡಿನ ಚರ್ಚಿಲ್ ನಮ್ಮ ದೇಶದ ವಿಷಯದಲ್ಲಿ ನಡೆದುಕೊಂಡ ರೀತಿಯನ್ನು ನಾನು ಮೆಚ್ಚುವವನಲ್ಲ. ಆದರೂ 1915ರಲ್ಲಿ ನೌಕಾಖಾತೆಯ ಅಧಿಕಾರ ಕಳೆದುಕೊಂಡು ಕಂಗೆಟ್ಟಿದ್ದಾಗ ಅವನನ್ನು ಹಿಡಿದು ನಿಲ್ಲಿಸಿದ್ದು ಬಣ್ಣದ ಪೆಟ್ಟಿಗೆ. ಸಾಯುವುದರೊಳಗೆ ಅವನು 500ಕ್ಕೂ ಹೆಚ್ಚು ಚಿತ್ರ ಬರೆದನು.

ಆದರೆ ಇದನ್ನು ಕಲಿಯಲು ನಾವು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ನಮ್ಮ ಹೆಣ್ಣುಮಕ್ಕಳು ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ತವರನ್ನು, ಸತ್ತ ಕೂಸನ್ನು, ಅತ್ತೆಯ ಮಾತನ್ನು ಹಾಡಾಗಿಸಿದರು. ಹಲಸಂಗಿಯ ಗೆಳೆಯರು ಅಂಥ ತ್ರಿಪದಿಗಳನ್ನು ಆಯ್ದು 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದಾಗ ನಾಡು ಬೆರಗಾಯಿತು. ಹಿಟ್ಟಿನ ಗಿರಣಿ ಬಂದು ಕಲ್ಲು ಮೂಲೆ ಸೇರಿತು. ಆ ದುಡಿತ ತಪ್ಪಿದ್ದು ಒಳ್ಳೆಯದೇ. ಬೀಸಿ ಬೀಸಿ ಕೈ ಬೊಕ್ಕೆಯೆದ್ದ ನನ್ನ ತಾಯಿಯನ್ನು ಕಂಡ ನಾನು ಆ ಕಾಲ ಮರಳಿ ಬರಲೆಂದು ಹೇಳಲಾರೆ. ಆದರೆ ಕಲ್ಲಿನ ಜೊತೆಗೆ ಹಾಡೂ ಮೂಲೆ ಸೇರಬೇಕಾಗಿರಲಿಲ್ಲ. ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ಕನ್ನಡಿ, ಕವಡೆಗಳನ್ನು ಕೂಡಿಸಿ ಕಸೂತಿ ಹಾಕುವುದೂ ಇದೇ ಜಾತಿಯದು. ಕೂಲಿಗಾಗಿ ಗೋವೆಗೆ ಗುಳೆ ಹೋಗುವ ಕುಟುಂಬಗಳಲ್ಲಿ ಆ ಸೂಜಿ ಹಿಡಿಯುವ ಕೈಗಳು ಕಡಿಮೆಯಾಗುತ್ತಿರುವುದು ಕಳವಳದ ಮಾತು.

ಹವ್ಯಾಸವೆಂಬುದು ಉಳ್ಳವರ ವಿಲಾಸ ಎಂಬ ಆಕ್ಷೇಪಣೆಯನ್ನು ನಾನು ಕೇಳಿದ್ದೇನೆ. ಕೆರೆಯ ಮಣ್ಣಿಗೆ ಬೆಲೆಯಿಲ್ಲ. ಕೌದಿಗೆ ಬೇಕಾದದ್ದು ಹರಿದ ಬಟ್ಟೆ. ಬಿಡುವಿಲ್ಲವೆಂಬುದು ಮಾತ್ರ ನಿಜವಾದ ಆಕ್ಷೇಪಣೆ, ಅದರಲ್ಲಿಯೂ ಮನೆಯ ಒಳಗೂ ಹೊರಗೂ ದುಡಿಯುವ ಹೆಣ್ಣುಮಕ್ಕಳ ಪಾಲಿಗೆ. ಮನೆಯ ಉಳಿದವರು ಅವರ ಕೆಲಸದಲ್ಲಿ ಪಾಲು ತೆಗೆದುಕೊಳ್ಳದೆ ಇದಕ್ಕೆ ಪರಿಹಾರವಿಲ್ಲ. ಇನ್ನು ಕೆಲವರು, "ನನಗೆ ಅಂಥ ಪ್ರತಿಭೆ ಇಲ್ಲ" ಎನ್ನುತ್ತಾರೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳ ಹೆಸರನ್ನು ಹೇಳಿ, ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡ ಅವರು ಎಷ್ಟೊಂದು ವಾದ್ಯಗಳನ್ನು ನುಡಿಸಿದರು, ನಿನಗೇನು ಕಷ್ಟ ಎಂದು ಮಕ್ಕಳನ್ನು ಗದರುವ ಹಿರಿಯರೂ ಉಂಟು. ಇದು ಸಲ್ಲದು. ಗವಾಯಿಗಳಿಗೆ ಸಂಗೀತ ಹವ್ಯಾಸವಾಗಿರಲಿಲ್ಲ, ತಪಸ್ಸಾಗಿತ್ತು. ಹವ್ಯಾಸದ ಹಿರಿಮೆ ಇರುವುದೇ ಅದರಲ್ಲಿ ಸಾಮಾನ್ಯನಾಗಿ ಉಳಿಯಬಹುದೆಂಬುದರಲ್ಲಿ. ಹುಡುಗಿಯೊಬ್ಬಳು ನಾಲ್ಕು ಗೆರೆ ಎಳೆದ ಕೂಡಲೇ ಅದನ್ನು ಸ್ಪರ್ಧೆಗೆ ಕಳಿಸುವ, ಬಹುಮಾನ ಬಾರದಿದ್ದರೆ ಬಣ್ಣದ ಡಬ್ಬಿ ಮುಚ್ಚಿಡುವ ತಂದೆತಾಯಿಗಳು ಮಗುವಿನ ಒಂದು ಆಸರೆಯನ್ನು ಕಿತ್ತುಕೊಂಡಂತೆಯೇ ಸರಿ.

ಇಲ್ಲಿ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ನಾನು ಹತ್ತನೆಯ ತರಗತಿಗೆ ಪಾಠ ಹೇಳುತ್ತಿದ್ದ ಕಾಲದಲ್ಲಿ ಪರೀಕ್ಷೆ ಹತ್ತಿರ ಬಂದಂತೆಲ್ಲ ಚಿತ್ರಕಲೆಯ ಅವಧಿಯನ್ನು ಕೇಳಿ ಪಡೆದು ಸಂಧಿ ಸಮಾಸಗಳ ಅಭ್ಯಾಸ ಮಾಡಿಸುತ್ತಿದ್ದೆ. ಗಣಿತದವರೂ ಹಾಗೆಯೇ ಮಾಡುತ್ತಿದ್ದರು. ಚಿತ್ರಕಲಾ ಶಿಕ್ಷಕರು ಒಮ್ಮೆಯೂ ಇಲ್ಲವೆನ್ನಲಿಲ್ಲ. ಕೊನೆಯ ಬೆಂಚಿನಲ್ಲಿ ಸದಾ ಮಂಕಾಗಿ ಕುಳಿತಿರುತ್ತಿದ್ದ ಒಬ್ಬ ಹುಡುಗ ಆ ಅವಧಿಯಲ್ಲಿ ಮಾತ್ರ ತಲೆ ಎತ್ತುತ್ತಿದ್ದನೆಂದು ಅವರು ಹೇಳಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ವರ್ಷದ ನಡುವೆಯೇ ಅವನು ಶಾಲೆ ಬಿಟ್ಟನು. ನನ್ನಿಂದಲೇ ಬಿಟ್ಟನೆಂದು ಹೇಳಲಾಗದು. ನನ್ನ ಸಂಧಿಪಾಠದಿಂದ ಅವನು ಉಳಿಯಲಿಲ್ಲ ಎಂಬುದಂತೂ ನಿಜ. ವೇಳಾಪತ್ರಿಕೆಯಲ್ಲಿ ಚಿತ್ರಕ್ಕೆ, ಸಂಗೀತಕ್ಕೆ, ಕೈಗೆಲಸಕ್ಕೆ ಮೀಸಲಾದ ಅವಧಿಗಳನ್ನು ಯಾವ ಶಿಕ್ಷಕನೂ ಕಡ ಕೇಳಬಾರದು, ಕೇಳಿದರೂ ಕೊಡಬಾರದು ಎಂಬುದು ಈಗ ನನ್ನ ದೃಢವಾದ ಅಭಿಪ್ರಾಯ.

ಹವ್ಯಾಸದಿಂದ ಎಲ್ಲವೂ ವಾಸಿಯಾಗುವುದೆಂದು ಯಾರೂ ತಿಳಿಯಬಾರದು. ವಾರಗಟ್ಟಲೆ ನಿದ್ರೆ, ಹಸಿವು ಇಲ್ಲದಿದ್ದರೆ, ಬದುಕೇ ಬೇಡವೆನಿಸಿದರೆ ಅದು ಬೇಸರವಲ್ಲ, ಖಿನ್ನತೆಯೆಂಬ ಕಾಯಿಲೆ. ಜ್ವರಕ್ಕೆ ವೈದ್ಯರ ಬಳಿ ಹೋಗುವಂತೆ ಅದಕ್ಕೂ ಹೋಗಬೇಕು. ಧಾರವಾಡದಲ್ಲಿ, ಬೆಂಗಳೂರಿನಲ್ಲಿ ಮಾನಸಿಕ ಆರೋಗ್ಯದ ದೊಡ್ಡ ಆಸ್ಪತ್ರೆಗಳಿವೆ. 2022ರಿಂದ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮದ್ದು ತೆಗೆದುಕೊಳ್ಳುವವರ ಕೈಯಲ್ಲಿ ಸೂಜಿಯೂ ಇದ್ದರೆ ತಪ್ಪೇನಿಲ್ಲ.

ನಾನು ಮಾಡಿದ ಎತ್ತುಗಳು ಕಟ್ಟೆಯ ಮೇಲೆ ಒಣಗಿ ಬಿರುಕು ಬಿಡುತ್ತವೆ. ಮುಂಗಾರಿನ ಮಳೆ ಜೋರಾದರೆ ಕರಗಿ ಮತ್ತೆ ಮಣ್ಣಾಗುತ್ತವೆ. ಹೆಂಡತಿಯ ನೆನಪು ಈಗಲೂ ಬರುತ್ತದೆ. ಬಂದಾಗ ಈಗ ಅಳುವೂ ಬರುತ್ತದೆ. ಕಳೆದ ವಾರ ಆಕೆಯ ಎರಡು ಹಳೆಯ ಇಳಕಲ್ ಸೀರೆಗಳನ್ನು ಪೆಟ್ಟಿಗೆಯಿಂದ ತೆಗೆದು ಎದುರು ಮನೆಗೆ ಒಯ್ದೆ. ಮುದುಕಿ ಅವನ್ನು ಮಡಿಲಲ್ಲಿಟ್ಟು ಬಹಳ ಹೊತ್ತು ಸವರಿದಳು. ಆಮೇಲೆ ಒಂದು ಸೂಜಿಗೆ ದಾರ ಪೋಣಿಸಿ ನನ್ನ ಕೈಗೆ ಕೊಟ್ಟು, "ಮೊದಲನೆ ಸಾಲು ನೀವ ಹಾಕ್ರಿ ಮಾಸ್ತರ್ರ" ಎಂದಳು. ಹೊಲಿಗೆ ಸೊಟ್ಟಗಾಯಿತು. ಆಕೆ ಅದನ್ನು ಬಿಚ್ಚದೆ, ಅದರ ಮಗ್ಗುಲಿಗೇ ತನ್ನ ಸಾಲನ್ನು ಶುರುಮಾಡಿದಳು.