ಮೆಶೀನಿಗೆ ಹೊಲಿಗೆ ಲೆಕ್ಕ, ಕೈಗೆ ಚೌಕಾಸಿ

ಸಿಂಗಟಗೆರೆಯಲ್ಲಿ ಕೂತು ಬೆಂಗಳೂರಿನ ಬೈಕ್ ಗುಂಪುಗಳಿಗೆ, ಆನ್‌ಲೈನ್ ಬಳಗಗಳಿಗೆ ಕಸೂತಿ ಪ್ಯಾಚ್ ಡಿಸೈನ್ ಮಾಡಿ ಮಾರೋನು ನಾನು. ಇತ್ತೀಚೆಗೆ ಎಲ್ಲರದ್ದೂ ಒಂದೇ ಬೇಡಿಕೆ: ‘ಲಂಬಾಣಿ ಲುಕ್ ಬೇಕು, ರೇಟ್ ಮಾತ್ರ ಕಮ್ಮಿ ಇರಲಿ.’

ಮೆಶೀನ್ ಪ್ಯಾಚಿನ ಲೆಕ್ಕ ನೋಡಿ. ಚಿತ್ರವನ್ನ ಮೊದಲು ಹೊಲಿಗೆಯ ಫೈಲಾಗಿ ಬದಲಿಸ್ತಾರೆ. ಅದಕ್ಕೊಂದು ಚಾರ್ಜು. ಆಮೇಲೆ ಎಷ್ಟು ಸಾವಿರ ಹೊಲಿಗೆ ಅಂತ ಎಣಿಸಿ ದರ. ಅದಕ್ಕೆ ಯಾರೂ ತಕರಾರು ತೆಗೆಯಲ್ಲ. ಅದೇ ಹೆಂಗಸೊಬ್ಬಳು ಕನ್ನಡಿ ಕೂರಿಸಿ ಕೈಯಲ್ಲಿ ಹೊಲಿದರೆ? ‘ಪೀಸಿಗೆ ಎಷ್ಟು?’ ಹೊಲಿಗೆಯ ಲೆಕ್ಕ ಅಲ್ಲಿಗೆ ಮಾಯ!

ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲೇ ಜಿಐ ಟ್ಯಾಗ್ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಂಗಸರ ಕೈಕೆಲಸ, ಒಟ್ಟು 1755 ವಸ್ತುಗಳು, ಗಿನ್ನೆಸ್ ದಾಖಲೆಗೂ ಸೇರಿತು. ಎಲ್ಲರೂ ಚಪ್ಪಾಳೆ ಹೊಡೆದೆವು, ಸರಿ. ಆದರೆ ಜಿಐ ಟ್ಯಾಗ್ ಕಾಯೋದು ಹೆಸರನ್ನ, ಕೂಲಿಯನ್ನಲ್ಲ. ಕೂಲಿ ಕಾಯಬೇಕಾದೋರು ಕೊಳ್ಳೋರು.

‘ಕೈಕೆಲಸ ದುಬಾರಿ ಕಣ್ರೀ’ ಅಂತೀರಾ? ಹೌದು, ದುಬಾರಿಯೇ. ಹಾಗಾದ್ರೆ ಮೆಶೀನಿನದ್ದೇ ತಗೊಳ್ಳಿ, ಪಾಪವೇನಲ್ಲ. ನಾನೂ ಅದನ್ನೇ ಹೆಚ್ಚು ಮಾರೋದು. ಅದಕ್ಕೆ ಲಂಬಾಣಿ ಕಸೂತಿ ಅಂತ ಹೆಸರು ಮಾತ್ರ ಅಂಟಿಸಬೇಡಿ. ಕೈಯದ್ದೇ ಬೇಕು ಅಂದ್ರೆ ಗಂಟೆ ಲೆಕ್ಕದಲ್ಲಿ ಕೊಡಿ.

ನಿಮ್ಮ ಕಂಪನಿಗಳು ಅಮೆರಿಕದ ಕ್ಲೈಂಟಿಗೆ ಬಿಲ್ ಮಾಡೋದು ಗಂಟೆ ಲೆಕ್ಕದಲ್ಲೇ ಅಲ್ವಾ? ತಾಂಡಾದ ಹೆಂಗಸಿನ ಗಂಟೆಗೂ ಅರವತ್ತೇ ನಿಮಿಷ ಸ್ವಾಮಿ.