ಲೆಕ್ಕವಿಡದ ಆಟ

ಆಟವೆಂದ ಮೇಲೆ ಸೋಲು ಗೆಲುವು ಇದ್ದೇ ತೀರಬೇಕೆಂಬುದು ನಮ್ಮಲ್ಲಿ ಬಹುಕಾಲದಿಂದ ಬೇರೂರಿದ ನಂಬಿಕೆ. ಬೀದಿಯಲ್ಲಿ ಗೋಲಿಯಾಡುವ ಹುಡುಗರು ಕೂಡ ಗೆದ್ದ ಗೋಲಿಗಳನ್ನು ಎಣಿಸಿ ಜೇಬಿಗೆ ಹಾಕಿಕೊಂಡೇ ಮನೆ ಸೇರುತ್ತಾರೆ. ಹೀಗಿರುವಾಗ, ಹನ್ನೆರಡು ವರ್ಷದವರೆಗಿನ ಮಕ್ಕಳು ಇಡೀ ಋತುವೆಲ್ಲ ಆಡಲಿ, ಆದರೆ ಯಾವ ತಂಡ ಮೊದಲನೆಯದು, ಯಾವುದು ಕಡೆಯದು ಎಂಬ ಪಟ್ಟಿ ಮಾತ್ರ ಬೇಡವೆಂದು ಒಂದು ಕ್ರೀಡಾಸಂಸ್ಥೆಯೇ ಹೇಳಿದರೆ ಏನೆನ್ನಬೇಕು? ಅದೂ ಎದುರಾಳಿಯನ್ನು ಹಿಡಿದು ನೆಲಕ್ಕೆ ಕೆಡಹುವ ಒರಟು ಆಟದಲ್ಲಿ! ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ರಗ್ಬಿ ಲೀಗ್ ಸಂಸ್ಥೆ ೨೦೨೩ರಲ್ಲಿ ಇಂಥ ನಿಯಮವನ್ನು ಮುಂದಿಟ್ಟಿತು. ಅಲ್ಲಿ ಇದಕ್ಕೆ ಆಕ್ಷೇಪಣೆಗಳು ಬಾರದಿರಲಿಲ್ಲ. ನನಗಾದರೋ ಅದು ಸರಿಯಾದ ಕ್ರಮವೆಂದೇ ತೋರುತ್ತದೆ.

ರಗ್ಬಿ ಲೀಗ್ ನಮ್ಮಲ್ಲಿ ಅನೇಕರಿಗೆ ಅಪರಿಚಿತವಾದ ಆಟ. ಆದುದರಿಂದ ಎರಡು ಮಾತು ಹೇಳಬೇಕು. ಉತ್ತರ ಇಂಗ್ಲೆಂಡಿನ ಗಣಿಗಳಲ್ಲೂ ಗಿರಣಿಗಳಲ್ಲೂ ದುಡಿಯುತ್ತಿದ್ದ ಆಟಗಾರರು ಪಂದ್ಯದ ದಿನ ಕೂಲಿ ಕಳೆದುಕೊಳ್ಳುತ್ತಿದ್ದರು. ಆ ನಷ್ಟವನ್ನು ತುಂಬಿಕೊಡಬೇಕೆಂದು ಅವರ ಕ್ಲಬ್ಬುಗಳು ಕೇಳಿದುವು. ರಗ್ಬಿಯ ಅಧಿಕಾರಸ್ಥರು ಒಪ್ಪಲಿಲ್ಲ. ೧೮೯೫ರ ಆಗಸ್ಟ್ ೨೯ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಒಂದು ಹೋಟೆಲಿನಲ್ಲಿ ಆ ಕ್ಲಬ್ಬುಗಳು ಸಭೆ ಸೇರಿ ಬೇರೆಯಾದುವು. ಹೀಗೆ ಹುಟ್ಟಿದ ಆಟದ ಪಂದ್ಯಾವಳಿ ೧೯೦೮ರಲ್ಲಿ ಸಿಡ್ನಿಯಲ್ಲಿಯೂ ಆರಂಭವಾಯಿತು. ತಂಡಕ್ಕೆ ಹದಿಮೂರು ಜನ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು. ಜೊತೆಗಾರನಿಗೆ ಎಸೆಯುವುದಾದರೆ ಮುಂದಕ್ಕೆ ಎಸೆಯುವಂತಿಲ್ಲ. ಆರು ಸಲ ಹಿಡಿಸಿಕೊಂಡರೆ ಚೆಂಡು ಎದುರು ತಂಡಕ್ಕೆ ಹೋಗುತ್ತದೆ. ಓಡುವವನನ್ನು ಹಿಡಿದು ನಿಲ್ಲಿಸುವುದರಲ್ಲಿ ನಮ್ಮ ಕಬಡ್ಡಿಯ ಬಳಗಕ್ಕೇ ಸೇರಿದ್ದೆನ್ನಬಹುದು.

ಆಸ್ಟ್ರೇಲಿಯದ ಊರೂರುಗಳಲ್ಲಿ ಚಳಿಗಾಲ ಬಂತೆಂದರೆ ಮಕ್ಕಳ ತಂಡಗಳು ವಯಸ್ಸಿಗನುಗುಣವಾಗಿ ವಾರವಾರವೂ ಅಂಗಳಕ್ಕಿಳಿಯುತ್ತವೆ. ಎಳೆಯರಿಗೆ ಅಂಗಳವೂ ಚಿಕ್ಕದು, ಆಟಗಾರರ ಸಂಖ್ಯೆಯೂ ಕಡಿಮೆ. ಹೊಸ ಕ್ರಮದಲ್ಲಿ ತೀರ ಚಿಕ್ಕವರು ಒಬ್ಬರನ್ನೊಬ್ಬರು ಕೆಡಹುವಂತೆಯೂ ಇಲ್ಲ. ಸೊಂಟಕ್ಕೆ ಸಿಕ್ಕಿಸಿದ ಪಟ್ಟಿಯನ್ನು ಕಿತ್ತರೆ ಹಿಡಿದಂತೆ ಲೆಕ್ಕ. ಏಳು ವರ್ಷದೊಳಗಿನವರ ವಿಭಾಗದ ಅರ್ಧ ಋತು ಕಳೆದ ಮೇಲೆಯೇ ಮೈ ಹಿಡಿಯುವ ಆಟ. ಹನ್ನೆರಡರವರೆಗೆ ಅಂಕಗಳ ಪಟ್ಟಿಯಿಲ್ಲ, ಫೈನಲ್ ಪಂದ್ಯವಿಲ್ಲ.

ವಿರೋಧಿಗಳ ಮೊದಲನೆಯ ವಾದವೆಂದರೆ, ಪಟ್ಟಿ ಇಲ್ಲದಿದ್ದರೂ ಮಕ್ಕಳು ತಾವೇ ಎಣಿಸಿಕೊಳ್ಳುತ್ತಾರೆ ಎಂಬುದು. ನಿಜ, ಎಣಿಸುತ್ತಾರೆ. ಆದರೆ ಕೈಕಾಲು ತೊಳೆದು ತಿಂಡಿಗೆ ಕೂರುವಷ್ಟರಲ್ಲಿ ಮರೆತೂ ಬಿಡುತ್ತಾರೆ. ಮರೆಯದವರು ಅಂಗಳದಂಚಿನಲ್ಲಿ ನಿಂತ ದೊಡ್ಡವರು. ಪಟ್ಟಿಯಲ್ಲಿ ಮೇಲೇರಬೇಕೆಂಬ ಆಸೆ ಹುಟ್ಟಿತೆಂದರೆ ತರಬೇತುದಾರ ಮಾಡುವ ಮೊದಲ ಕೆಲಸ ಯಾವುದು? ತಂಡದಲ್ಲಿ ಮೈಕಟ್ಟಿನ ಹುಡುಗ ಯಾರೋ ಅವನ ಕೈಗೆ ಚೆಂಡು ಕೊಡುವುದು. ಎಂಟು ವರ್ಷದ ಆ ಭೀಮಸೇನ ಎಲ್ಲರನ್ನೂ ಕೊಡವಿಕೊಂಡು ಗೆರೆ ದಾಟುತ್ತಾನೆ. ಉಳಿದವರಿಗೆ ಚೆಂಡು ಮುಟ್ಟುವ ಯೋಗವಿಲ್ಲ. ಅವನಿಗೂ ಚೆಂಡನ್ನು ಹಂಚಿಕೊಡುವ ವಿದ್ಯೆ ಬಾರದು. ಹದಿನೈದಕ್ಕೆ ಮಿಕ್ಕವರು ಅವನಷ್ಟೇ ಬೆಳೆದು ನಿಂತಾಗ ಅವನ ಬಲವೊಂದರಿಂದಲೇ ಕೆಲಸ ಸಾಗದು. ಹೀಗೆ ಆ ಪಟ್ಟಿಯಿಂದ ಸಣ್ಣವನಿಗೂ ನಷ್ಟ, ದೊಡ್ಡವನಿಗೂ ನಷ್ಟ.

ಇದರಲ್ಲಿ ಹುಟ್ಟಿದ ತಿಂಗಳ ಪಾತ್ರವೂ ಉಂಟು. ಇಂಗ್ಲೆಂಡಿನಲ್ಲಿ ಈ ಆಟದ ವಯೋವಿಭಾಗದ ವರ್ಷ ಸೆಪ್ಟೆಂಬರ್ ೧ಕ್ಕೆ ಆರಂಭವಾಗುತ್ತದೆ. ಸೆಪ್ಟೆಂಬರಿನಲ್ಲಿ ಹುಟ್ಟಿದವನೂ ಮುಂದಿನ ಆಗಸ್ಟಿನಲ್ಲಿ ಹುಟ್ಟಿದವನೂ ಒಂದೇ ವಿಭಾಗ. ನಡುವೆ ಹನ್ನೊಂದು ತಿಂಗಳ ಅಂತರ. ಎಂಟು ವರ್ಷದ ಮಗುವಿಗೆ ಅದೇನು ಅಲ್ಪವೆ? ಅಲ್ಲಿನ ರಗ್ಬಿ ಲೀಗ್ ಆಟಗಾರರನ್ನು ಕುರಿತು ೨೦೧೦ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆಯ್ಕೆಯಾದವರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚೆಂದು ತೋರಿಸಿತು. ಪ್ರತಿಭೆಯೆಂದು ನಾವು ಬೆನ್ನು ತಟ್ಟುವುದು ಎಷ್ಟೋ ವೇಳೆ ಬರಿಯ ತಿಂಗಳುಗಳ ಹಿರಿತನವನ್ನು. ನಮ್ಮ ಕಡೆ ಮೇಷ್ಟರು ಶಾಲೆಗೆ ಸೇರಿಸಿಕೊಳ್ಳುವಾಗ ಜೂನ್ ೧ ಎಂದು ಬರೆದುಕೊಂಡದ್ದರಿಂದ ಎಷ್ಟೋ ಹಿರಿಯರ ಜನ್ಮದಿನ ಒಂದೇ ಆಗಿದೆ. ದಾಖಲೆ ಏನೇ ಹೇಳಲಿ, ಮೈ ತನ್ನ ತಿಂಗಳುಗಳನ್ನು ಮರೆಯುವುದಿಲ್ಲ.

ನನ್ನ ಮಾಧ್ಯಮಿಕ ಶಾಲೆಯ ಗೆಳೆಯನೊಬ್ಬನ ಮಾತನ್ನು ಇಲ್ಲಿ ಹೇಳಬಹುದು. ತರಗತಿಗೆಲ್ಲ ಕುಳ್ಳ, ಕಬಡ್ಡಿಯೆಂದರೆ ಪ್ರಾಣ. ಮೂರು ವರ್ಷವೂ ಅವನು ತಂಡದಲ್ಲಿದ್ದ, ‘ಎಕ್ಸ್‌ಟ್ರಾ’ ಆಗಿ. ತಾಲ್ಲೂಕು ಪಂದ್ಯಗಳಿಗೆ ಹೋದಾಗ ಅವನಿಗೆ ಸಿಕ್ಕ ಕೆಲಸ ಉಳಿದವರ ಚಪ್ಪಲಿ, ಚೀಲಗಳನ್ನು ಕಾಯುವುದು. ಕಪ್ ಬರಬೇಕಾಗಿತ್ತು, ಆದುದರಿಂದ ಅವನನ್ನು ಇಳಿಸುವಂತಿರಲಿಲ್ಲ. ಪಿ.ಯು.ಸಿ.ಗೆ ಬರುವ ಹೊತ್ತಿಗೆ ಅವನು ನಮ್ಮೆಲ್ಲರಿಗಿಂತ ಎತ್ತರವಾಗಿ ಬೆಳೆದಿದ್ದ. ತೋಳುಗಳಂತೂ ಹಿಡಿತಕ್ಕೇ ಹೇಳಿ ಮಾಡಿಸಿದಂತಿದ್ದುವು. ಬಾ ಎಂದು ಕರೆದರೆ, “ನನಗೆ ಆಟ ಬರೋದಿಲ್ಲ ಕಣೋ” ಎಂದು ನಕ್ಕು ಹೊರಟುಹೋದ. ಆ ಕಪ್ಪು ಈಗ ಎಲ್ಲಿದೆಯೋ ಯಾರೂ ಕೇಳುವುದಿಲ್ಲ. ಆದರೆ ಆಟ ಬಿಟ್ಟ ಆ ಹುಡುಗ ಮರಳಿ ಅಂಗಳಕ್ಕೆ ಬರಲಿಲ್ಲ.

ಎರಡನೆಯ ವಾದ ಇದಕ್ಕಿಂತ ತೂಕವುಳ್ಳದ್ದು. ಸೋಲನ್ನು ಸಹಿಸುವುದನ್ನು ಆಟವೇ ಕಲಿಸದಿದ್ದರೆ ಇನ್ನಾರು ಕಲಿಸಬೇಕೆಂದು ಕೇಳುತ್ತಾರೆ. ಒಪ್ಪತಕ್ಕ ಮಾತು. ಆದರೆ ಅಲ್ಲಿ ಸೋಲನ್ನು ತೆಗೆದುಹಾಕಿಲ್ಲ, ಅದರ ಲೆಕ್ಕವನ್ನು ಮುಂದಕ್ಕೆ ಹಾಕಿದ್ದಾರೆ, ಅಷ್ಟೆ. ಹದಿಮೂರಕ್ಕೆ ಪಟ್ಟಿ ಬರುತ್ತದೆ, ಫೈನಲ್ ಬರುತ್ತದೆ. ನೆರೆಯ ನ್ಯೂ ಸೌತ್ ವೇಲ್ಸ್‌ನಲ್ಲಿ ತರುಣರಿಗಾಗಿಯೇ ಹೆರಾಲ್ಡ್ ಮ್ಯಾಥ್ಯೂಸ್ ಕಪ್, ಎಸ್.ಜಿ. ಬಾಲ್ ಕಪ್ ಎಂಬ ಪಂದ್ಯಾವಳಿಗಳಿವೆ. ದೊಡ್ಡ ಕ್ಲಬ್ಬುಗಳ ಕಣ್ಣು ಅವರ ಮೇಲಿರುತ್ತದೆ. ಅಲ್ಲಿ ಸೋತವನ ದುಃಖ ನಿಜವಾದದ್ದು, ಅದನ್ನು ಹೊರುವ ಹೆಗಲೂ ಅವನಿಗೆ ಬಂದಿರುತ್ತದೆ. ಸಸಿಗೆ ನೀರೆರೆಯುವ ಕಾಲದಲ್ಲಿ ಫಲದ ತೂಕ ಕೇಳಬಾರದೆಂಬುದಷ್ಟೇ ನನ್ನ ವಾದ.

ಹಾಗಾದರೆ ಮಕ್ಕಳ ಋತು ಮುಗಿದಾಗ ಏನನ್ನೂ ಎಣಿಸಬಾರದೆ? ಒಂದನ್ನು ಅವಶ್ಯವಾಗಿ ಎಣಿಸಬೇಕು: ಈ ವರ್ಷ ಆಡಿದವರಲ್ಲಿ ಮುಂದಿನ ವರ್ಷ ಎಷ್ಟು ಮಂದಿ ಮರಳಿ ಬಂದರು? ನಮ್ಮಲ್ಲಿ ಅನೇಕರು ನಾಳೆ ಉಪಾಧ್ಯಾಯರಾಗಿ ಹಳ್ಳಿಯ ಶಾಲೆಗಳಿಗೆ ಹೋಗುವವರು. ಸೀಟಿ ಕೈಗೆ ಬಂದ ದಿನ ಕಪ್ಪಿನ ಕಡೆ ಒಂದು ಕಣ್ಣು ಇರಲಿ, ಬೇಡವೆನ್ನುವುದಿಲ್ಲ. ಚೀಲ ಕಾಯುತ್ತ ಕುಳಿತ ಹುಡುಗನ ಕಡೆಗೂ ಒಂದು ಕಣ್ಣಿರಲಿ. ಹತ್ತು ನಿಮಿಷವಾದರೂ ಅವನು ಅಂಗಳಕ್ಕಿಳಿಯಲಿ.