ಗೋಡೆ ಓನರ್‌ದು, ಪೇಪರ್ ನಮ್ದು

ಹೋದ ತಿಂಗಳು ಮನೆ ಬದಲಾಯಿಸಿದ್ವಿ. ಮದುವೆಯಾದ ಐದು ವರ್ಷದಲ್ಲಿ ಇದು ಮೂರನೇ ಬಾಡಿಗೆ ಮನೆ. ಟಾಟಾ ಏಸ್‌ನಿಂದ ಸಾಮಾನು ಇಳಿಸುತ್ತಿದ್ದ ಹುಡುಗ, ಎಲೆ-ಹೂವಿನ ವಾಲ್‌ಪೇಪರ್ ಅಂಟಿಸಿದ ಆರಡಿ ಹಲಗೆಯೊಂದನ್ನು ಹೊತ್ತು ತಂದು, "ಮೇಡಂ, ಈ ಗೋಡೆ ಎಲ್ಲಿಡ್ಲಿ?" ಅಂತ ಕೇಳಿದ. ನಗು ಬಂತು. ಆದರೆ ಅವನು ಕೇಳಿದ್ದು ಸರಿಯಾಗೇ ಇತ್ತು. ಅದು ನಮ್ಮ ಗೋಡೆಯೇ. ಮೊದಲನೇ ಮನೆಯಲ್ಲಿ ದುಡ್ಡು ಕಳೆದುಕೊಂಡ ಮೇಲೆ ಬಂದ ಬುದ್ಧಿ ಅದು.

ಆ ಮೊದಲನೇ ಮನೆ ಗ್ರೌಂಡ್ ಫ್ಲೋರ್. ಬೆಡ್‌ರೂಮಿನ ಒಂದು ಗೋಡೆಯ ಆಚೆ ಬಾತ್‌ರೂಮ್. ಕೆಳಗಡೆ ಮೊಣಕಾಲೆತ್ತರಕ್ಕೆ ಬಣ್ಣ ಉಬ್ಬಿ, ಉಪ್ಪಿನ ಹಾಗೆ ಬಿಳಿ ಪುಡಿ ಉದುರುತ್ತಿತ್ತು. ಓನರ್‌ಗೆ ಹೇಳಿದರೆ "ಬೇಸಿಗೇಲಿ ಮಾಡಿಸೋಣ" ಅಂದ್ರು. ಅಲ್ಲೀವರೆಗೆ ಕಾಯೋದು ಯಾಕೆ, ಒಂದು ಚೆಂದದ ವಾಲ್‌ಪೇಪರ್ ಹಾಕಿ ಮುಚ್ಚಿಬಿಡೋಣ ಅಂತ ನಾನು ಹೊರಟೆ.

ಗೋಡೆ 11 ಅಡಿ ಅಗಲ, 9 ಅಡಿ ಎತ್ತರ. ಅಂದ್ರೆ 99 ಚದರಡಿ. ಒಂದು ರೋಲ್‌ನಲ್ಲಿ 57 ಚದರಡಿ ಇರುತ್ತೆ, ಎರಡು ಸಾಕು ಅಂತ ನನ್ನ ಲೆಕ್ಕ. ಇಂಜಿನಿಯರಿಂಗ್ ಓದಿದ್ದಕ್ಕೆ ನಾಚಿಕೆಯಾಗಬೇಕು! ಪೇಪರ್ ಬಟ್ಟೆ ಥರ, ಅಗಲ ಬೇರೆ ಉದ್ದ ಬೇರೆ. ರೋಲ್ 53 ಸೆಂಟಿಮೀಟರ್ ಅಗಲ, ಅಂದರೆ 21 ಇಂಚು. 11 ಅಡಿ ಗೋಡೆಗೆ ಏಳು ಪಟ್ಟಿ ಬೇಕು. ರೋಲ್ ಉದ್ದ 10 ಮೀಟರ್, ಸುಮಾರು 33 ಅಡಿ. ಒಂಬತ್ತು ಅಡಿಯ ಪಟ್ಟಿ ಅದರಲ್ಲಿ ಮೂರೇ ಸಿಗೋದು. ಎರಡು ರೋಲ್‌ಗೆ ಆರು ಪಟ್ಟಿ ಆಯ್ತು. ಆ ಏಳನೇ ಪಟ್ಟಿಗೋಸ್ಕರ ಮೂರನೇ ರೋಲ್! ನೀವೇನಾದರೂ ತಗೊಳ್ಳೋದಾದ್ರೆ ಚದರಡಿ ಮರೆತುಬಿಡಿ, ಪಟ್ಟಿ ಎಣಿಸಿ. ದೊಡ್ಡ ಡಿಸೈನ್ ಆದ್ರೆ ಪಕ್ಕದ ಪಟ್ಟಿಗೆ ಹೂವು ಕೂಡಿಸೋಕೂ ಒಂದಷ್ಟು ವೇಸ್ಟ್ ಆಗುತ್ತೆ.

ಅಂಗಡಿಯಿಂದ ಬಂದ ಹುಡುಗ ಬಕೆಟ್‌ನಲ್ಲಿ ಗೋಂದು ಕಲಸಿ ಎರಡು ಗಂಟೇಲಿ ಅಂಟಿಸಿ ಹೋದ. ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. "ಏನೇ ಇದು, ಗೋಡೆಗೆ ಸೀರೆ ಉಡ್ಸಿದ್ದೀಯ?" ಅಂತ ಅರಸೀಕೆರೆಯಿಂದ ಫೋನು.

ಮಳೆಗಾಲದಲ್ಲಿ ಅಮ್ಮ ಬಂದಳು. ಅವಳಿಗೆ ಮೊದಲಿಂದಲೂ ಉಬ್ಬಸ. ಆ ರೂಮಿನಲ್ಲಿ ಮಲಗಿದ ಎರಡನೇ ರಾತ್ರಿಯಿಂದ ಕೆಮ್ಮು ಶುರುವಾಯ್ತು. ಬೆಂಗಳೂರಿನ ಥಂಡಿ ಅಂತ ನಾವು ಕಷಾಯ ಮಾಡಿಕೊಟ್ಟು ಸುಮ್ಮನಿದ್ವಿ. ನಾಲ್ಕನೇ ದಿನ ರಾತ್ರಿ ಎರಡು ಗಂಟೆಗೆ ಇನ್‌ಹೇಲರ್ ಹಿಡಿದು ಮಂಚದ ಮೇಲೆ ಕೂತವಳು, "ಇಲ್ಲೇನೋ ಮುಗ್ಗಲು ವಾಸನೆ ಕಣೇ" ಅಂದು, ಗೋಡೆಯ ಮೂಲೇಲಿ ಎದ್ದಿದ್ದ ಪೇಪರನ್ನ ಉಗುರಲ್ಲಿ ಹಿಡಿದು ಎಳೆದಳು. ಒಳಗೆಲ್ಲ ಕಪ್ಪು ಬೂಷ್ಟು. ಅಂಗೈ ಅಗಲ ಅಲ್ಲ, ಮಂಚದುದ್ದಕ್ಕೂ. ಅವಳ ತಲೆಯಿಂದ ಒಂದಡಿ ದೂರದಲ್ಲಿ. ಅವತ್ತು ನನಗೆ ಆದ ಸಂಕಟ ಈಗಲೂ ಹಾಗೇ ಇದೆ. ಅವಳನ್ನ ಹಾಲ್‌ನಲ್ಲಿ ಮಲಗಿಸಿ, ಬೆಳಗಾಗೋವರೆಗೂ ಪೇಪರ್ ಕಿತ್ತೆ.

ಆಗಿದ್ದಿಷ್ಟೇ. ವಿನೈಲ್ ಪೇಪರ್ ಪ್ಲಾಸ್ಟಿಕ್ ಇದ್ದ ಹಾಗೆ, ಗೋಡೆಯ ತೇವ ಹೊರಗೆ ಹೋಗೋಕೆ ಬಿಡಲ್ಲ. ಹಿಂದೆ ಹಚ್ಚಿದ ಗೋಂದು ಬೂಷ್ಟಿಗೆ ಊಟ. ಮೊದಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದಿತ್ತು. ಒಂದಡಿ ಪ್ಲಾಸ್ಟಿಕ್ ಹಾಳೆಯನ್ನ ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಗೋಡೆ ಕಡೆ ಹನಿ ಕಟ್ಟಿದರೆ ತೇವ ಒಳಗಿಂದ ಬರ್ತಿದೆ ಅಂತ. ಆಗ ಪ್ಲಂಬರ್‌ನ ಕರೀಬೇಕು, ವಾಲ್‌ಪೇಪರ್ ಅಲ್ಲ.

ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯೋದು ಇಲ್ಲಿ ಮಾಮೂಲು. ಪೇಪರ್ ಜೊತೆ ಗಾರೆಯೂ ಕಿತ್ತು ಬಂದಿತ್ತಲ್ಲ, ನಮಗೆ ಇನ್ನರ್ಧ ತಿಂಗಳದ್ದೂ ಅಡ್ವಾನ್ಸ್‌ನಲ್ಲಿ ಕಟ್. ಕೈಯಲ್ಲಿ ಉಳಿದಿದ್ದು ಮೂರನೇ ರೋಲ್‌ನ 24 ಅಡಿ, ಜೊತೆಗೆ ಆರಾರು ಅಡಿಯ ಎರಡು ತುಂಡು.

ಎರಡನೇ ಮನೆಯಲ್ಲಿ ನಾನೊಂದು ನಿಯಮ ಮಾಡಿಕೊಂಡೆ. ಓನರ್ ಗೋಡೆ ಮುಟ್ಟಲ್ಲ, ನಮ್ಮ ಜೊತೆ ಬರೋ ಸಾಮಾನಿಗೆ ಮಾತ್ರ ಪೇಪರ್. ಮೊದಲು ಆ ಹಲಗೆ. ಪ್ಲೈವುಡ್ ಅಂಗಡಿಯವರೇ ಆರಡಿಗೆ ನಾಲ್ಕಡಿ ಕುಯ್ದು ಕೊಟ್ಟರು, ಆರು ಮಿಲಿಮೀಟರ್ ದಪ್ಪ ಸಾಕು. ಅಂಚನ್ನ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ ಹಚ್ಚಿ, ನಾಲ್ಕು ಪಟ್ಟಿ ಅಂಟಿಸಿದೆ. ಗಾಳಿ ಗುಳ್ಳೆ ತೆಗೆಯೋಕೆ ಹಳೇ ಕಂಪನಿಯ ಐಡಿ ಕಾರ್ಡ್. ಮಧ್ಯದಿಂದ ಅಂಚಿಗೆ ಒತ್ತುತ್ತಾ ಹೋಗಬೇಕು. ಮಂಚದ ತಲೆ ಕಡೆ ನಿಲ್ಲಿಸಿದರೆ ಗೋಡೆಯೇ ಅನ್ನಿಸುತ್ತೆ. ಗೋಡೆಗೂ ಅದಕ್ಕೂ ಎರಡು ಬೆರಳು ಜಾಗ ಬಿಟ್ಟಿದ್ದೀನಿ, ಗಾಳಿ ಆಡಲಿ ಅಂತ. ಭಯ ಇನ್ನೂ ಹೋಗಿಲ್ಲ ನೋಡಿ.

ಪುಸ್ತಕದ ಕಪಾಟಿನ ಹಿಂಭಾಗಕ್ಕೆ ಒಂದು ತುಂಡು ಹೋಯಿತು. ಅಗ್ಗದ ಕಪಾಟು, ಪೇಪರ್ ಹಾಕಿದ ಮೇಲೆ ಬಂದವರೆಲ್ಲ ರೇಟು ಕೇಳ್ತಾರೆ. ಮಾವನವರ ಹಳೇ ಕಬ್ಬಿಣದ ಟ್ರಂಕಿನ ಒಳಗೂ ಅಂಟಿಸಿದೆ. ರೇಷ್ಮೆ ಸೀರೆಗೆ ತುಕ್ಕಿನ ಕಲೆ ಹತ್ತೋದು ನಿಂತಿದೆ. ಗ್ಯಾಸ್ ಸ್ಟೌ ಹಿಂದೆ ಮಾತ್ರ ಯಾರು ಹೇಳಿದರೂ ಹಾಕಬೇಡಿ, ವಿನೈಲ್ ಬಿಸಿಗೆ ಸುಕ್ಕಾಗುತ್ತೆ, ಬೆಂಕಿ ತಗುಲಿದರೆ ಇನ್ನೂ ಅಪಾಯ.

ಅಂದಹಾಗೆ, ಮನೆ ಖಾಲಿ ಮಾಡುವಾಗ ಸಾಮಾನಿಗೆಲ್ಲ ಬಬಲ್ ರ‍್ಯಾಪ್ ಸುತ್ತುತ್ತೀವಲ್ಲ, ಅದು ಶುರುವಿನಲ್ಲಿ ವಾಲ್‌ಪೇಪರೇ. 1957ರಲ್ಲಿ ಅಮೆರಿಕದಲ್ಲಿ ಇಬ್ಬರು ಇಂಜಿನಿಯರ್‌ಗಳು ಉಬ್ಬುತಬ್ಬಿನ ವಾಲ್‌ಪೇಪರ್ ಮಾಡೋಕೆ ಹೋಗಿದ್ದು, ಗೋಡೆಗೆ ಯಾರೂ ತಗೊಳ್ಳಲಿಲ್ಲ. ನನ್ನ ಹಲಗೆಯನ್ನ ಸಾಗಿಸಿದ್ದು ಅದರಲ್ಲೇ ಸುತ್ತಿ.

ನಿಜ ಹೇಳಬೇಕಂದ್ರೆ ಇದರಲ್ಲಿ ನಾನು ಹೊಸದೇನೂ ಮಾಡಿಲ್ಲ. ಊರಿನ ಅಡುಗೆಮನೆಯ ಕಡಪ ಕಲ್ಲಿನ ಶೆಲ್ಫಿಗೆ ಅಮ್ಮ ಹಬ್ಬದ ಮುಂಚೆ ಪೇಪರ್ ಹಾಕುತ್ತಿದ್ದಳು. ಅಂಚನ್ನ ಮಡಿಸಿ ಮಡಿಸಿ ಕತ್ತರಿಸಿದರೆ ತೋರಣದ ಥರ ಇಳಿಬೀಳುತ್ತಿತ್ತು. ನಮ್ಮ ಸ್ಕೂಲ್ ಪುಸ್ತಕಕ್ಕೆ ರಟ್ಟು ಹಾಕೋಕೆ ಮೈದಾ ಅಂಟು ಕಾಯಿಸಿ, ಹುಳ ಬೀಳದಿರಲಿ ಅಂತ ಚೂರು ಮೈಲುತುತ್ತ ಹಾಕುತ್ತಿದ್ದಳು. ಅದು ವಿಷ, ನಮ್ಮನ್ನ ಆ ಪಾತ್ರೆ ಹತ್ತಿರಕ್ಕೇ ಬಿಡುತ್ತಿರಲಿಲ್ಲ.

ಈ ಮನೆಗೆ ಅಮ್ಮ ಹೋದ ವಾರ ಬಂದಿದ್ದಳು. ಬಂದವಳೇ ಬ್ಯಾಗ್ ಇಟ್ಟು ಬೆಡ್‌ರೂಮಿಗೆ ಹೋಗಿ, ಹಲಗೆಯನ್ನ ಸರಿಸಿ ಹಿಂದಿನ ಗೋಡೆಯನ್ನ ಅಂಗೈಯಲ್ಲಿ ಸವರಿ ನೋಡಿದಳು. ಒಣಗಿತ್ತು. "ಹ್ಞೂಂ" ಅಂದು ಕಾಫಿ ಕೇಳಿದಳು. ಎಲ್ಲ ಆಗಿ ರೋಲ್‌ನಲ್ಲಿ ಉಳಿದಿರೋದು ಒಂದೂವರೆ ಅಡಿ. ಎಸೀಬೇಡ, ದೇವರ ಮನೆ ಶೆಲ್ಫಿಗೆ ಬೇಕು ಅಂತ ಸುತ್ತಿ ತಗೊಂಡು ಹೋಗಿದ್ದಾಳೆ.